ನಾಯಿಗೂಡು ಸ್ಪರ್ಧೆ: ಹಳೇ ಸಾಮಾನು ಎಲ್ಲಿ ಸಿಗುತ್ತೆ? ತಗಡೋ, ಮರವೋ?

ಮೂರನೇಬೆಂಚು (ಮೈಸೂರು)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಆರ್ಕಿಟೆಕ್ಚರ್ ಮೂರನೇ ವರ್ಷ ಓದುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಒಂದು ಸ್ಪರ್ಧೆ ಇಟ್ಟಿದ್ದಾರೆ. ನಾಯಿಗೋ ಬೆಕ್ಕಿಗೋ ಒಂದು ಗೂಡು ಕಟ್ಟಬೇಕು. ಬರೀ ಡ್ರಾಯಿಂಗ್ ಅಲ್ಲ, ನಿಜವಾಗಿ ಕಟ್ಟಿ ನಿಲ್ಲಿಸಬೇಕು. ಮೊಳೆ, ಸ್ಕ್ರೂ, ಬಣ್ಣ ಮಾತ್ರ ಹೊಸದು ತರಬಹುದು. ಉಳಿದದ್ದೆಲ್ಲ ಯಾರೋ ಬಳಸಿ ಬಿಸಾಡಿದ್ದೇ ಆಗಿರಬೇಕು. ಖರ್ಚು 2000 ರೂಪಾಯಿ ದಾಟಬಾರದು. ಇಬ್ಬರು ಎತ್ತಿಕೊಂಡು ಹೋಗುವಷ್ಟು ಹಗುರ ಇರಬೇಕು. ನಾಲ್ಕು ಜನರ ತಂಡ, ಮೂರು ವಾರ ಟೈಮು. ಆಮೇಲೆ ಗೂಡುಗಳನ್ನು ಕ್ಯಾಂಪಸ್ಸಿನ ನಾಯಿಗಳಿಗೇ ಇಡುತ್ತಾರಂತೆ.

ಇಲ್ಲಿಯವರೆಗೆ ನಮ್ಮ ಹತ್ತಿರ ಕೂಡಿರುವುದು: ಆರು ಪ್ಯಾಲೆಟ್ (ಸರಕು ಪೇರಿಸುವ ಮರದ ಚೌಕಟ್ಟು), ಬಣ್ಣ ಬಳಿದ ಹಳೇ ಕಿಟಕಿ ಬಾಗಿಲು ಎರಡು, ಚುನಾವಣೆಯ ಒಂದು ದೊಡ್ಡ ಫ್ಲೆಕ್ಸು, ಪಕ್ಕದ ಮನೆ ಅಂಕಲ್ ಕೊಟ್ಟ ಅರ್ಧ ಸಿಮೆಂಟ್ ಶೀಟು. ನಮ್ಮ ತಂಡದ ಹುಡುಗ ತಗಡು ಬಗ್ಗಿಸಿ ಶಂಖದ ಆಕಾರದಲ್ಲಿ ಒಂದು ಡಿಸೈನ್ ಬರೆದಿದ್ದಾನೆ. ನೋಡಲು ಸಕತ್ತಾಗಿದೆ. ನನಗೆ ಮರ ಇಷ್ಟ. ಇಬ್ಬರಿಗೂ ದಿನಾ ಜಗಳ.

ತಗಡೋ ಮರವೋ ನೀವೇ ಹೇಳಿ. ಮೈಸೂರಿನಲ್ಲಿ ಇನ್ನೂ ಏನೇನು ಸಾಮಾನು ಎಲ್ಲಿ ಸಿಗುತ್ತೆ ಅಂತಲೂ ತಿಳಿಸಿ.

ಸುಮ್ನೆಓದುವೆ

ಮೊದಲು ಆ ಸಿಮೆಂಟ್ ಶೀಟನ್ನು ಅಂಕಲ್‌ಗೇ ವಾಪಸ್ ಕೊಡಿ.

ತೊಲೆಬಾಗಿಲು (ಮಂಡಿ ಮೊಹಲ್ಲಾ)

ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾವು ಸಿಮೆಂಟ್ ಶೀಟು ಅಂತ ಕರೆಯುವ ಹಳೇ ಶೀಟೆಲ್ಲ ಹೆಚ್ಚುಕಮ್ಮಿ ಆಸ್ಬೆಸ್ಟಾಸೇ. ಸುಮ್ಮನೆ ಸೂರಿನ ಮೇಲೆ ಕೂತಿದ್ದರೆ ಅಷ್ಟು ತೊಂದರೆ ಇಲ್ಲ. ಕೊಯ್ದರೆ, ಒಡೆದರೆ, ತೂತು ಹಾಕಿದರೆ ಅದರ ನಾರು ಗಾಳಿಗೆ ಏಳುತ್ತೆ. ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರಲ್ಲ. ಕ್ಯಾನ್ಸರ್‌ವರೆಗೂ ಹೋಗುತ್ತೆ. ನಾಲ್ಕು ಮಕ್ಕಳು ಹ್ಯಾಕ್ಸಾ ಹಿಡಿದು ಅದನ್ನು ಕೊಯ್ಯುವುದು ಬೇಡ ಕಣಮ್ಮ.

ನಾನು ನಲವತ್ತು ವರ್ಷ ಮರಗೆಲಸ ಮಾಡಿದವನು. ತಗಡು, ಮರ ಅಂತ ಜಗಳ ಆಡುವ ಮೊದಲು ಪ್ಯಾಲೆಟ್ ತಿರುಗಿಸಿ ನೋಡಿ. ಹೊರದೇಶದಿಂದ ಬಂದ ಪ್ಯಾಲೆಟ್ ಆದರೆ ಗೋಧಿ ತೆನೆಯ ಗುರುತಿನ ಒಂದು ಮುದ್ರೆ ಸುಟ್ಟು ಒತ್ತಿರುತ್ತಾರೆ. ಅದರ ಪಕ್ಕ ಎಚ್‌ಟಿ ಅಂತ ಇದ್ದರೆ ಮರವನ್ನು ಕಾಯಿಸಿ ಹುಳ ಸಾಯಿಸಿದ್ದಾರೆ ಅಂತ ಅರ್ಥ. ಅದನ್ನು ಧಾರಾಳವಾಗಿ ಬಳಸಿ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದು. ಅದು ಬೇಡ. ಮುದ್ರೆಯೇ ಇಲ್ಲದಿದ್ದರೆ ಇಲ್ಲೇ ಮಾಡಿದ ಕಾಡುಮರದ್ದು ಇರಬಹುದು. ಮೂಸಿ ನೋಡಿ. ಎಣ್ಣೆ ಕಲೆ, ಘಾಟು ವಾಸನೆ ಇದ್ದರೆ ಬಿಟ್ಟುಬಿಡಿ.

ಇನ್ನೊಂದು ಮಾತು. ಪ್ಯಾಲೆಟ್ ಮೊಳೆ ತಿರುಚಿದ ಮೊಳೆ. ಕೀಳಲು ಹೋದರೆ ಹಲಗೆ ಸೀಳುತ್ತೆ, ಮೊಳೆ ಬರಲ್ಲ. ಹಲಗೆಗೂ ಕೆಳಗಿನ ಕಟ್ಟಿಗೂ ನಡುವೆ ಹ್ಯಾಕ್ಸಾ ಬ್ಲೇಡು ತೂರಿಸಿ ಮೊಳೆಯನ್ನೇ ಕೊಯ್ದುಬಿಡಿ. ಹಲಗೆ ಪೂರ್ತಿಯಾಗಿ ಸಿಗುತ್ತೆ.

ಗುಜರಿಗಿರಾಕಿ

ಸಾಮಾನು ಎಲ್ಲಿ ಸಿಗುತ್ತೆ ಅಂತ ಕೇಳಿದ್ದಕ್ಕೆ ಉತ್ತರ. ಅಗ್ರಹಾರ, ಲಷ್ಕರ್ ಮೊಹಲ್ಲಾ ಕಡೆ ಹಳೇ ಮನೆ ಕೆಡವುತ್ತಿದ್ದರೆ ನೇರವಾಗಿ ಅಲ್ಲಿಗೇ ಹೋಗಿ. ಒಳ್ಳೇ ತೇಗದ ಕಂಬ, ಬಾಗಿಲು ಮೊದಲೇ ಮಾರಾಟ ಆಗಿರುತ್ತೆ, ಅದರ ಆಸೆ ಬಿಡಿ. ಆದರೆ ರೀಪು, ಒಡೆದ ಹೆಂಚು, ಕಿಟಕಿ ಸರಳು ಯಾರಿಗೂ ಬೇಡ. ಕೆಡವುವ ಮೇಸ್ತ್ರಿಗೆ ಟೀ ಕುಡಿಸಿದರೆ ಸಾಕು, ಹೊತ್ತುಕೊಂಡು ಹೋಗಿ ಅಂತಾನೆ. ಅದೇ ರೀಪು ಗುಜರಿ ಅಂಗಡಿಗೆ ಬಂದ ಮೇಲೆ ತೂಕದ ಲೆಕ್ಕ. ಒದ್ದೆ ಮರ ಆದರೆ ನೀರಿಗೂ ದುಡ್ಡು ಕೊಡುತ್ತೀರಿ.

ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪ್ಯಾಲೆಟ್ ಜಾಸ್ತಿ. ಶನಿವಾರ ಮಧ್ಯಾಹ್ನ ಹೋಗಿ.

ಸುಮ್ನೆಓದುವೆ

ಶನಿವಾರ ಮಧ್ಯಾಹ್ನವೇ ಯಾಕೆ?

ಗುಜರಿಗಿರಾಕಿ

ಸ್ಟೋರಿನವನಿಗೆ ಮನೆಗೆ ಹೋಗುವ ಆತುರ ಇರುತ್ತೆ. ಚೌಕಾಸಿ ಮಾಡಲ್ಲ.

ನೆರಳುಬೆಳಕು (ಗೋಕುಲಂ)

ನಾನೂ ಆರ್ಕಿಟೆಕ್ಟ್. ನಿಮ್ಮ ಸ್ಪರ್ಧೆಯ ವಿಷಯ ಚೆನ್ನಾಗಿದೆ. ಜಪಾನಿನ ಡಿಸೈನರ್ ಕೆನ್ಯಾ ಹಾರಾ 2012ರಲ್ಲಿ ‘ಆರ್ಕಿಟೆಕ್ಚರ್ ಫಾರ್ ಡಾಗ್ಸ್’ ಅಂತ ಒಂದು ಯೋಜನೆ ಶುರು ಮಾಡಿದರು. ಟೊಯೊ ಇಟೊ, ಕೆಂಗೊ ಕುಮಾ ಥರದ ದೊಡ್ಡ ದೊಡ್ಡವರು ಒಂದೊಂದು ತಳಿಯ ನಾಯಿಗೆ ಒಂದೊಂದು ಡಿಸೈನ್ ಮಾಡಿದರು. ಯಾರು ಬೇಕಾದರೂ ನಕ್ಷೆ ಇಳಿಸಿಕೊಂಡು ಕಟ್ಟಬಹುದು ಅಂತ ಪುಕ್ಕಟೆ ಕೊಟ್ಟರು. ಅದನ್ನು ನೋಡಿ. ಶಂಖದ ಐಡಿಯಾ ಬಿಡಬೇಡಿ. ಬರೀ ಪೆಟ್ಟಿಗೆ ಮಾಡಿದರೆ ತೀರ್ಪುಗಾರರು ತಿರುಗಿಯೂ ನೋಡಲ್ಲ.

ಹಿಪ್ಪುನೇರಳೆ (ಮದ್ದೂರು)

ತೀರ್ಪುಗಾರರು ಒಳಗೆ ಮಲಗುತ್ತಾರಾ ಸರ್?

ನೆರಳುಬೆಳಕು (ಗೋಕುಲಂ)

ಅದು ಸ್ಪರ್ಧೆ ಸ್ವಾಮಿ. ಗೆಲ್ಲುವುದೂ ಮುಖ್ಯ ಅಲ್ವಾ?

ಸೂಜಿಮದ್ದು (ಮಂಡ್ಯ)

ನಾನು ಪಶುವೈದ್ಯೆ. ಒಳಗೆ ಮಲಗುವವರ ಪರವಾಗಿ ನಾಲ್ಕು ಮಾತು ಹೇಳುತ್ತೇನೆ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಹೊರಗೆ ಹಾಕಿ ತೇಕುವುದೇ ಅದಕ್ಕೆ ದಾರಿ. ಏಪ್ರಿಲ್ ಮಧ್ಯಾಹ್ನ ತಗಡಿನ ಶಂಖದೊಳಗೆ ಗಾಳಿ ಆಡದಿದ್ದರೆ ಅದು ಗೂಡಲ್ಲ, ಬಾಣಲೆ. ಇನ್ನು ಮಳೆ. ದೀಪಾವಳಿ ಪಟಾಕಿಗೆ ಮಂಚದ ಕೆಳಗೆ ನುಗ್ಗುವ ಪ್ರಾಣಿ ಅದು. ಗುಡುಗು ಮಳೆ ತಗಡಿನ ಮೇಲೆ ಬಡಿಯುವಾಗ ಒಳಗೆ ಕೂರುತ್ತಾ? ತಗಡು ಹಾಕಲೇಬೇಕು ಅಂದರೆ ಮೇಲೆ ಸುಣ್ಣ ಬಳಿದು, ಅದರ ಮೇಲೆ ತೆಂಗಿನ ಗರಿಯೋ ಸೋಗೆಯೋ ಹೊದಿಸಿ. ಬಿಸಿಲೂ ಸದ್ದೂ ಎರಡೂ ತಗ್ಗುತ್ತೆ.

ಅಳತೆ: ನಮ್ಮ ಬೀದಿ ನಾಯಿ ಭುಜದ ಹತ್ತಿರ ಒಂದೂವರೆ ಅಡಿಯಿಂದ ಎರಡು ಅಡಿ ಎತ್ತರ ಇರುತ್ತೆ. ಒಳಗೆ ನಿಂತು, ಒಂದು ಸುತ್ತು ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಇದ್ದರೆ ಸಾಕು. ಬಂಗಲೆ ಬೇಡ. ಜಾಗ ಜಾಸ್ತಿ ಆದರೆ ಚಳಿಗಾಲದಲ್ಲಿ ಅದರ ಮೈಶಾಖಕ್ಕೆ ಒಳಗೆ ಬೆಚ್ಚಗಾಗುವುದೇ ಇಲ್ಲ. ನೆಲ ಮಣ್ಣಿನಿಂದ ನಾಲ್ಕೈದು ಇಂಚು ಮೇಲಿರಲಿ. ಸೂರು ಹಿಂದಕ್ಕೆ ಇಳಿಜಾರಾಗಲಿ. ಬಾಗಿಲು ನೈರುತ್ಯಕ್ಕೆ ಬೇಡ, ಮುಂಗಾರು ಗಾಳಿ ಬರುವುದೇ ಅಲ್ಲಿಂದ.

ಎಲ್ಲಕ್ಕಿಂತ ಮುಖ್ಯ, ಸೂರೋ ಒಂದು ಗೋಡೆಯೋ ಪೂರ್ತಿ ಬಿಚ್ಚುವ ಹಾಗಿರಲಿ. ಉಣ್ಣೆ ಹುಳಗಳು ನಾಯಿಯ ಮೈಮೇಲೆ ಮಾತ್ರ ಇರುವುದಿಲ್ಲ. ರಕ್ತ ಕುಡಿದು ಉಬ್ಬಿದ ಮೇಲೆ ಕೆಳಗೆ ಬಿದ್ದು, ಗೋಡೆಯ ಸಂದಿಗೆ ಹತ್ತಿ ಸಾವಿರಾರು ಮೊಟ್ಟೆ ಇಡುತ್ತವೆ. ಪ್ಯಾಲೆಟ್ ಗೂಡಿನ ತುಂಬ ಸಂದಿಗಳೇ. ಕೈ ಹೋಗದಿದ್ದರೆ ತೊಳೆಯುವುದು ಹೇಗೆ? ಉಣ್ಣೆ ಜ್ವರ ಬಂದ ನಾಯಿಗಳನ್ನು ನಾನು ವಾರಕ್ಕೆ ಎಷ್ಟು ನೋಡುತ್ತೇನೋ ಲೆಕ್ಕ ಇಟ್ಟಿಲ್ಲ.

ಆ ಬಣ್ಣದ ಕಿಟಕಿ ಬಾಗಿಲೂ ಬೇಡ. ನಮ್ಮಲ್ಲಿ ಮನೆ ಬಣ್ಣಕ್ಕೆ ಸೀಸದ ಮಿತಿ ಕಟ್ಟುನಿಟ್ಟಾಗಿದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಳೇ ಎನಾಮಲ್ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಮರಿಗಳು ಬಾಗಿಲನ್ನು ಬಿಸ್ಕತ್ತಿನ ಹಾಗೆ ಕಡಿಯುತ್ತವೆ. ನೀವು ಉಪ್ಪುಕಾಗದ ಹಾಕಿ ಉಜ್ಜಿದರೆ ಆ ಧೂಳು ನಿಮ್ಮ ಮೂಗಿಗೂ ಹೋಗುತ್ತೆ.

ಮೂರನೇಬೆಂಚು (ಮೈಸೂರು)

ಅಯ್ಯೋ. ಶೀಟು ಹೋಯ್ತು, ಕಿಟಕಿ ಹೋಯ್ತು. ಆರು ಪ್ಯಾಲೆಟ್‌ನಲ್ಲಿ ನಾಲ್ಕಕ್ಕೆ ಎಚ್‌ಟಿ ಮುದ್ರೆ ಇದೆ, ಎರಡಕ್ಕೆ ಏನೂ ಇಲ್ಲ. ಒಂದು ಕೊಳೆತ ಮೀನಿನ ವಾಸನೆ ಹೊಡೆಯುತ್ತಿದೆ.

ಥ್ಯಾಂಕ್ಸ್ ಮೇಡಂ. ಶಂಖದ ಹುಡುಗನಿಗೆ ನಿಮ್ಮ ಉತ್ತರ ತೋರಿಸಿದೆ. ಮುಖ ಊದಿಸಿಕೊಂಡಿದ್ದಾನೆ.

ಬೆಕ್ಕಿನಗಂಟೆ (ಸರಸ್ವತಿಪುರಂ)

ಎಲ್ಲರೂ ನಾಯಿ ನಾಯಿ ಅಂತೀರಿ. ಬೆಕ್ಕಿಗೆ ಕಟ್ಟಿ. ಚಿಕ್ಕದು, ಹಗುರ, ಬೇಗ ಮುಗಿಯುತ್ತೆ. ಮೀನಂಗಡಿಯಲ್ಲಿ ಐಸ್ ತುಂಬಿ ಬರುವ ಥರ್ಮೊಕೋಲ್ ಪೆಟ್ಟಿಗೆ ಪುಕ್ಕಟೆ ಸಿಗುತ್ತೆ. ಪಕ್ಕದಲ್ಲಿ ಆರು ಇಂಚಿನ ತೂತು, ಒಳಗೆ ಹುಲ್ಲು, ಹೊರಗೆ ಪ್ಯಾಲೆಟ್ ಹಲಗೆ. ತೂತು ಅದಕ್ಕಿಂತ ದೊಡ್ಡದು ಬೇಡ, ನಾಯಿ ತಲೆ ತೂರಿಸುತ್ತೆ. ನಮ್ಮ ಮನೆ ಟೆರೇಸಿನಲ್ಲಿ ಎರಡು ವರ್ಷದಿಂದ ಇದೆ. ಮೀನಿನ ವಾಸನೆ ಇರುವುದರಿಂದ ಬೆಕ್ಕನ್ನು ಕರೆಯುವ ಕೆಲಸವೂ ಇಲ್ಲ.

ಒಳಗೆ ಹಳೇ ಬೆಡ್‌ಶೀಟು, ಗೋಣಿಚೀಲ ಹಾಕಬೇಡಿ. ಒಮ್ಮೆ ಒದ್ದೆಯಾದರೆ ಒಣಗಲ್ಲ, ಇನ್ನೂ ಚಳಿ ಹತ್ತುತ್ತೆ. ಒಣಹುಲ್ಲಾದರೆ ನೀರು ಇಳಿದು ಹೋಗುತ್ತೆ.

ಗುಜರಿಗಿರಾಕಿ

ಮೀನಿನ ವಾಸನೆಗೆ ಇರುವೆ, ಹೆಗ್ಗಣವೂ ಬರುತ್ತಲ್ಲ?

ಬೆಕ್ಕಿನಗಂಟೆ (ಸರಸ್ವತಿಪುರಂ)

ಹೆಗ್ಗಣ ಬಂದರೆ ಬೆಕ್ಕಿಗೆ ಬೇಸರ ಏನಿಲ್ಲ.

ಸೂಜಿಮದ್ದು (ಮಂಡ್ಯ)

ಥರ್ಮೊಕೋಲ್ ಬೆಕ್ಕಿಗೆ ಸರಿ, ನಾಯಿಗೆ ಬೇಡ. ಕಚ್ಚಿ ನುಂಗಿದರೆ ಕರುಳಿಗೆ ಅಡ್ಡ ಸಿಗುತ್ತೆ. ಬೆಕ್ಕಿನ ಗೂಡು ತೊಳೆಯುವವರು ಫಿನಾಯಿಲ್ ಮುಟ್ಟಲೇಬೇಡಿ. ಬೆಕ್ಕಿನ ಪಿತ್ತಜನಕಾಂಗಕ್ಕೆ ಫೀನಾಲ್ ಕರಗಿಸುವ ಶಕ್ತಿ ತುಂಬಾ ಕಡಿಮೆ. ನೆಲದಿಂದ ಪಾದಕ್ಕೆ ಮೆತ್ತಿಕೊಂಡು, ಪಾದ ನೆಕ್ಕಿ, ಒಳಗೆ ಹೋಗುತ್ತೆ. ಸೋಪು ನೀರು, ಆಮೇಲೆ ಬಿಸಿಲು. ಇಷ್ಟೇ ಸಾಕು.

ಕುವೆಂಪುನಗರದವ

ನನ್ನ ಮಾತು ಕೆಲವರಿಗೆ ಕಹಿಯಾಗಬಹುದು. ಹೋದ ವರ್ಷ ಬೆಳಿಗ್ಗೆ ಹಾಲು ತರಲು ಹೋದಾಗ ಬೀದಿ ನಾಯಿ ಮೀನಖಂಡಕ್ಕೆ ಕಚ್ಚಿತು. ಐದು ಇಂಜೆಕ್ಷನ್ ಹಾಕಿಸಿಕೊಂಡೆ. ಇವತ್ತಿಗೂ ಆ ಬೀದಿಯಲ್ಲಿ ಕೋಲು ಹಿಡಿದೇ ಹೋಗುತ್ತೇನೆ. ನೀವು ಬೀದಿ ನಾಯಿಗೆ ಗೂಡು ಕಟ್ಟಿ, ಬಹುಮಾನ ಕೊಟ್ಟು, ಫೋಟೊ ತೆಗೆಸಿಕೊಳ್ಳಿ. ಕಚ್ಚಿಸಿಕೊಳ್ಳುವವರು ನಾವು. ಇದೇ ಪ್ಯಾಲೆಟ್‌ನಲ್ಲಿ ಪೌರಕಾರ್ಮಿಕರು ಕೂತು ತಿಂಡಿ ತಿನ್ನಲು ಒಂದು ಬೆಂಚು ಮಾಡಿ ನೋಡೋಣ.

ಬೆಕ್ಕಿನಗಂಟೆ (ಸರಸ್ವತಿಪುರಂ)

ಬೆಂಚು ಮಾಡಬೇಡಿ ಅಂತ ಯಾರು ಹೇಳಿದರು? ನೀವು ಮಾಡಿ. ಒಂದು ಒಳ್ಳೇ ಕೆಲಸ ಕಂಡ ಕೂಡಲೇ ಇನ್ನೊಂದು ಕೆಲಸ ಯಾಕೆ ಮಾಡಲಿಲ್ಲ ಅಂತ ಕೇಳುವುದು ಸುಲಭ.

ಕುವೆಂಪುನಗರದವ

ಕಚ್ಚಿಸಿಕೊಂಡು ಆಮೇಲೆ ಬಂದು ಹೇಳಿ.

ನಿರ್ವಾಹಕ

ಇಬ್ಬರೂ ಸ್ವಲ್ಪ ನಿಧಾನ. ವೈಯಕ್ತಿಕ ಬೇಡ.

ಕಾನೂನುಕಟ್ಟೆ

ಕುವೆಂಪುನಗರದವರ ಸಿಟ್ಟು ಬದಿಗಿಟ್ಟರೂ ಅವರ ಮಾತಿನಲ್ಲಿ ಒಂದು ಅಂಶ ಇದೆ. ಯಾರೂ ಗಮನಿಸಿದ ಹಾಗಿಲ್ಲ. ಗೂಡುಗಳನ್ನು ಕ್ಯಾಂಪಸ್ಸಿನಲ್ಲೇ ಇಡುತ್ತಾರೆ ಅಂತ ಮೊದಲ ಪೋಸ್ಟಿನಲ್ಲಿದೆ. ಅಲ್ಲೇ ತೊಡಕು.

ಬೀದಿ ನಾಯಿ ಹಿಡಿದು, ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು ಅನ್ನುವುದು 2023ರ ಎಬಿಸಿ (ಅನಿಮಲ್ ಬರ್ತ್ ಕಂಟ್ರೋಲ್, ಅಂದರೆ ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ರೇಬೀಸ್ ಇರುವ, ಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬಾರದು, ಊಟ ಹಾಕಲು ಗೊತ್ತಾದ ಜಾಗ ಇರಬೇಕು ಅಂತಲೂ ಸೇರಿಸಿತು. ಆದರೆ ಅದೇ ವರ್ಷ ನವೆಂಬರ್ 7ರ ಆದೇಶ ಬೇರೆ. ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದಲ್ಲಿರುವ ಬೀದಿ ನಾಯಿಗಳನ್ನು ಹಿಡಿದು ಆಶ್ರಯ ಕೇಂದ್ರಕ್ಕೆ ಒಯ್ಯಬೇಕು, ವಾಪಸ್ ಅಲ್ಲಿಗೆ ಬಿಡಬಾರದು ಅಂತ ಹೇಳಿದೆ.

ಅಂದರೆ ಕಾಲೇಜಿನೊಳಗೆ ಬೀದಿ ನಾಯಿಗೆ ಗೂಡು ಇಡುವುದು ಆ ಆದೇಶಕ್ಕೆ ನೇರವಾಗಿ ಎದುರು. ಆದೇಶ ಸರಿಯೋ ತಪ್ಪೋ ಅದು ಬೇರೆ ಚರ್ಚೆ. ಕಟ್ಟುವ ಮೊದಲೇ ನಿಮ್ಮ ಮೇಷ್ಟ್ರಿಗೆ ಹೇಳಿ.

ಮೂರನೇಬೆಂಚು (ಮೈಸೂರು)

ಇದು ನಮ್ಮ ಕಾಲೇಜಿನಲ್ಲಿ ಯಾರಿಗೂ ಹೊಳೆದಿಲ್ಲ ಸರ್! ನಾಳೆಯೇ ಹೇಳುತ್ತೇನೆ.

ಹಿಪ್ಪುನೇರಳೆ (ಮದ್ದೂರು)

ತಂಗಿ, ನೀವು ಗೂಡು ಗೂಡು ಅಂತ ಬರೆಯುತ್ತಿದ್ದರೆ ನಮಗೆ ರೇಷ್ಮೆ ಗೂಡೇ ಕಣ್ಮುಂದೆ ಬರುತ್ತೆ. ಅದಕ್ಕೇ ಈ ಚರ್ಚೆ ತೆರೆದು ನೋಡಿದ್ದು. ರೇಟು ಕೇಳುತ್ತಿರಬಹುದು ಅಂದುಕೊಂಡೆ.

ನಮ್ಮ ಅಟ್ಟದ ಮೇಲೆ ಬಿದಿರಿನ ಚಂದ್ರಿಕೆ ಹನ್ನೊಂದು ಇವೆ. ಹುಳ ಹಣ್ಣಾದ ಮೇಲೆ ಗೂಡು ಕಟ್ಟಲು ಬಿಡುತ್ತೇವಲ್ಲ, ಆ ತಟ್ಟಿ. ಆರಡಿ ಉದ್ದ, ನಾಲ್ಕಡಿ ಅಗಲ, ಮೇಲೆ ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ಸುತ್ತಿರುತ್ತೆ. ಈಗ ನಾವು ಪ್ಲಾಸ್ಟಿಕ್ ನೇತ್ರಿಕೆಗೆ ಬಂದಿದ್ದೇವೆ. ಮಡಚಿ ಇಡಬಹುದು, ತೊಳೆಯುವುದೂ ಸುಲಭ. ಚಂದ್ರಿಕೆ ಕೇಳುವವರಿಲ್ಲ. ಒಲೆಗೆ ಹಾಕಲು ಮನಸ್ಸು ಬರಲ್ಲ, ನಮ್ಮಪ್ಪ ಮೇದರ ಹತ್ತಿರ ಹೇಳಿ ಮಾಡಿಸಿದ್ದು. ಹಗುರ, ಗಾಳಿ ಆಡುತ್ತೆ, ಒಬ್ಬನೇ ಎತ್ತಬಹುದು. ನಿಮ್ಮ ಸೂರಿಗೋ ಗೋಡೆಗೋ ಆಗುತ್ತೆ ಅನ್ನಿಸಿದರೆ ಮೂರು ತೆಗೆದುಕೊಂಡು ಹೋಗಿ. ದುಡ್ಡು ಬೇಡ.

ನೆರಳುಬೆಳಕು (ಗೋಕುಲಂ)

ಆಹಾ! ಚಂದ್ರಿಕೆಯ ಆ ಸುರುಳಿಯೇ ಡಿಸೈನು. ಶಂಖ ಅಂತ ತಗಡು ಯಾಕೆ ಬಗ್ಗಿಸಬೇಕು, ಸುರುಳಿ ಅಲ್ಲೇ ಇದೆ. ನನ್ನ ಮೊದಲ ಮಾತು ವಾಪಸ್.

ಸೂಜಿಮದ್ದು (ಮಂಡ್ಯ)

ಹುಳುಮನೆಯಲ್ಲಿ ಬ್ಲೀಚಿಂಗ್ ಪೌಡರು, ಫಾರ್ಮಲಿನ್ ಹೊಡೆಯುತ್ತಾರೆ. ಎಷ್ಟು ದಿನದ ಹಿಂದೆ ಹೊಡೆದದ್ದು ಅಂತ ಕೇಳಿ. ಚೆನ್ನಾಗಿ ತೊಳೆದು ಮೂರ್ನಾಲ್ಕು ದಿನ ಬಿಸಿಲಿಗೆ ಹಾಕಿ. ಆ ಸುರುಳಿಯ ಸಂದಿ ಉಣ್ಣೆಗಳಿಗೆ ಸ್ವರ್ಗ ಆಗುತ್ತೆ ಅನ್ನುವುದನ್ನೂ ಮರೆಯಬೇಡಿ. ಸೂರಿಗೆ ಹಾಕಿದರೆ ಬಿಚ್ಚುವ ಹಾಗೆ ಹಾಕಿ. ಎರಡನೇ ಸಲ ಹೇಳುತ್ತಿದ್ದೇನೆ.

ಹಿಪ್ಪುನೇರಳೆ (ಮದ್ದೂರು)

ಆರು ವರ್ಷದಿಂದ ಅಟ್ಟ ಬಿಟ್ಟು ಇಳಿದಿಲ್ಲ ಮೇಡಂ. ಧೂಳು ಬಿಟ್ಟರೆ ಏನೂ ಇಲ್ಲ.

ತೊಲೆಬಾಗಿಲು (ಮಂಡಿ ಮೊಹಲ್ಲಾ)

ಗೆದ್ದಲಿನ ಬಗ್ಗೆ ಯಾರೂ ಮಾತಾಡಲಿಲ್ಲ. ಪ್ಯಾಲೆಟ್ ಪೈನ್ ಮರ ಮಣ್ಣಿಗೆ ತಾಗಿದರೆ ಒಂದು ಮಳೆಗಾಲಕ್ಕೆ ಖಾಲಿ. ಕಾಲುಗಳಿಗೆ ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಎರಡು ಕೋಟು ಬಳಿಯಿರಿ. ನಮ್ಮ ಕಾಲದಿಂದ ಬೇಲಿ ಕಂಬಕ್ಕೆ ಅದೇ.

ಸೂಜಿಮದ್ದು (ಮಂಡ್ಯ)

ಬೇಲಿ ಕಂಬವನ್ನು ಯಾರೂ ನೆಕ್ಕಲ್ಲ ಸರ್. ಹಳೇ ಎಂಜಿನ್ ಆಯಿಲ್ ನಾಯಿ ಹೊಟ್ಟೆಗೆ ಹೋದರೂ ಕಷ್ಟ, ಚರ್ಮಕ್ಕೆ ಹತ್ತಿದರೂ ಕಷ್ಟ. ಮಣ್ಣಿಗೂ ಇಳಿಯುತ್ತೆ.

ತೊಲೆಬಾಗಿಲು (ಮಂಡಿ ಮೊಹಲ್ಲಾ)

ಒಪ್ಪಿದೆ ತಾಯಿ. ಹಾಗಾದರೆ ಕಲ್ಲಿನ ಕಾಲು. ಗ್ರಾನೈಟ್ ಅಂಗಡಿ ಹಿಂದೆ ತುಂಡುಗಳ ರಾಶಿ ಬಿದ್ದಿರುತ್ತೆ. ನಾಲ್ಕು ಮೂಲೆಗೆ ನಾಲ್ಕು ತುಂಡು ಇಟ್ಟು ಮೇಲೆ ಗೂಡು ಕೂರಿಸಿ. ಸ್ಕ್ರೂ ಬೇಡ. ಎತ್ತುವಾಗ ಕಲ್ಲು ಅಲ್ಲೇ ಇರುತ್ತೆ, ಗೂಡೂ ಹಗುರ. ಗೆದ್ದಲು ಮಣ್ಣಿನ ಗೆರೆ ಕಟ್ಟಿ ಮೇಲೆ ಹತ್ತಿದರೂ ಕಲ್ಲಿನ ಮೇಲೆ ಕಣ್ಣಿಗೆ ಕಾಣುತ್ತೆ, ಒರೆಸಿದರೆ ಹೋಯ್ತು.

ಗುಜರಿಗಿರಾಕಿ

ಮಂಗಳೂರು ಹೆಂಚು ಹಾಕಿದರೆ? ಕೆಡವಿದ ಮನೆಗಳಲ್ಲಿ ರಾಶಿ ಬಿದ್ದಿರುತ್ತೆ.

ತೊಲೆಬಾಗಿಲು (ಮಂಡಿ ಮೊಹಲ್ಲಾ)

ತಂಪಿಗೆ ಅದನ್ನು ಮೀರಿಸಿದ್ದಿಲ್ಲ. ಆದರೆ ಒಂದೊಂದು ಹೆಂಚು ಎರಡು ಕೆಜಿ ಮೇಲೆ. ಹದಿನೈದು ಹೆಂಚು ಹಾಕಿದರೆ ಮೂವತ್ತು ಕೆಜಿ ಬರೀ ಸೂರೇ. ಇಬ್ಬರು ಎತ್ತಬೇಕಲ್ಲ.

ಕಬ್ಬಿನಜಲ್ಲೆ (ಪಾಂಡವಪುರ)

ನಮ್ಮ ಕಡೆ ನಾಯಿಗಳಿಗೆ ಯಾರೂ ಗೂಡು ಕಟ್ಟಲ್ಲ. ಅವೇ ಹುಡುಕಿಕೊಳ್ಳುತ್ತವೆ. ನಮ್ಮ ಹಟ್ಟಿಯ ಕೆಂಪಿ ಪ್ರತಿ ಸಲವೂ ಹುಲ್ಲಿನ ಮೆದೆಯ ದಕ್ಷಿಣದ ಮಗ್ಗುಲಲ್ಲಿ ಬಿಲ ಕೊರೆದು ಮರಿ ಹಾಕುತ್ತಿತ್ತು. ನಮ್ಮಜ್ಜಿ ಹುಲ್ಲು ಹಿರಿಯುವಾಗ ಆ ಮೂಲೆ ಮುಟ್ಟಬೇಡಿ ಅಂತ ಎಲ್ಲರಿಗೂ ತಾಕೀತು ಮಾಡಿರುತ್ತಿದ್ದಳು. ಡಿಸೆಂಬರ್ ಚಳಿಯಲ್ಲಿ ಕೈ ಹಾಕಿ ನೋಡಿದರೆ ಒಳಗೆ ಬೆಚ್ಚಗೆ ಹಬೆ ಹಬೆ. ಬಾಗಿಲು ಅಂದರೆ ಒಂದು ನಾಯಿ ನುಸುಳುವಷ್ಟು, ಅಷ್ಟೇ. ಈಗ ಮೆದೆ ಎಲ್ಲಿದೆ? ಯಂತ್ರ ಕೊಯ್ಯುತ್ತೆ, ಹುಲ್ಲನ್ನು ಸುರುಳಿ ಸುತ್ತಿ ಬಿಸಾಡುತ್ತೆ. ಆ ಸುರುಳಿಯೊಳಗೆ ಇಲಿಯೂ ನುಗ್ಗಲ್ಲ.

ಸುಮ್ನೆಓದುವೆ

ಅಣ್ಣ, ಬರೀ ಹುಲ್ಲು ಹಾಕಿದರೂ ಗೆಲ್ಲಬಹುದು ಅಂತೀರಾ?

ಕಬ್ಬಿನಜಲ್ಲೆ (ಪಾಂಡವಪುರ)

ಗೆಲ್ಲುವುದು ಗೊತ್ತಿಲ್ಲ. ಕಬ್ಬಿನ ಸೋಗೆ ಬೇಕಾದರೆ ಹೇಳಿ. ಕಟಾವಿನ ಟೈಮು, ಎಲ್ಲರೂ ಗದ್ದೆಯಲ್ಲೇ ಬೆಂಕಿ ಹಾಕುತ್ತಿದ್ದಾರೆ. ಸುಡುವ ಬದಲು ನಿಮ್ಮ ಸೂರಿಗೆ ಹೋಗಲಿ. ಹಿಂದೆ ಗುಡಿಸಲಿಗೆಲ್ಲ ಅದನ್ನೇ ಹೊದಿಸುತ್ತಿದ್ದರು.

ಗುಜರಿಗಿರಾಕಿ

ದಸರಾ ಸ್ತಬ್ಧಚಿತ್ರದ ಪ್ಲೈವುಡ್ ಸಿಕ್ಕರೆ ಬಿಡಬೇಡಿ. ಜಂಬೂ ಸವಾರಿ ಮುಗಿದು ಬನ್ನಿಮಂಟಪ ಸೇರಿದ ಮೇಲೆ ಅದನ್ನು ಏನು ಮಾಡುತ್ತಾರೋ.

ನೆರಳುಬೆಳಕು (ಗೋಕುಲಂ)

ಈಗ ಮಾರ್ಚ್ ತಿಂಗಳು ಸ್ವಾಮಿ. ದಸರಾ ಇನ್ನೂ ಆರು ತಿಂಗಳು. ಫ್ಲೆಕ್ಸ್ ಹೇಗೆ ಬಳಸುತ್ತೀರಿ ಅಂತ ಕೇಳಬೇಕೆಂದಿದ್ದೆ. ಬಿಸಿಲಿಗೆ ನೇರ ಹಾಕಿದರೆ ಒಂದೆರಡು ಬೇಸಿಗೆಗೆ ಪುಡಿಪುಡಿ ಆಗುತ್ತೆ. ಚಂದ್ರಿಕೆಗೂ ಸೋಗೆಗೂ ನಡುವೆ ಹಾಕಿ. ನೀರು ತಡೆಯುತ್ತೆ, ಬಿಸಿಲೂ ತಾಗಲ್ಲ.

ಕುವೆಂಪುನಗರದವ

ಯಾರ ಫ್ಲೆಕ್ಸು ಅಂತ ಕೇಳಬಹುದಾ?

ನಿರ್ವಾಹಕ

ಕೇಳಬೇಡಿ.

ಮೂರನೇಬೆಂಚು (ಮೈಸೂರು)

ಮೂರು ವಾರ ಆದ ಮೇಲೆ ಬಂದೆ. ಎಲ್ಲ ಹೇಳುತ್ತೇನೆ, ಸ್ವಲ್ಪ ಉದ್ದ.

ಮೊದಲು ಕೋರ್ಟಿನ ವಿಷಯ. ಮೇಷ್ಟ್ರಿಗೆ ಹೇಳಿದೆ. ಆದೇಶ ಓದಿ ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ನಿಯಮ ಬದಲಾಯಿತು. ಗೂಡು ಕ್ಯಾಂಪಸ್ಸಿನಲ್ಲಿ ಇಡುವ ಹಾಗಿಲ್ಲ, ಪ್ರತಿ ತಂಡವೂ ಗೂಡಿಗೆ ಒಂದು ಮನೆ ಹುಡುಕಬೇಕು. ನಾಯಿ ಸಾಕಿರುವವರು, ಲಸಿಕೆ ಹಾಕಿಸಿರುವವರು, ಹುಲ್ಲು ಬದಲಾಯಿಸುತ್ತೇವೆ ಅಂತ ಬರೆದುಕೊಡುವವರು ಬೇಕು. ಅರ್ಧ ತಂಡಗಳು ನನ್ನ ಮೇಲೆ ಸಿಟ್ಟಾಗಿವೆ.

ತಗಡು, ಮರ ಜಗಳ ನಾವು ಹೀಗೆ ಮುಗಿಸಿದೆವು. ತಗಡಿನಲ್ಲಿ ಶಂಖದ ಮಾದರಿ ಒಂದನ್ನು ಸುಮ್ನೆ ಸುತ್ತಿ, ಪಕ್ಕದಲ್ಲಿ ಪ್ಯಾಲೆಟ್, ಚಂದ್ರಿಕೆ, ಫ್ಲೆಕ್ಸು, ಸೋಗೆಯ ಗೂಡು ಇಟ್ಟೆವು. ಎರಡರೊಳಗೂ ಥರ್ಮಾಮೀಟರ್. ಮಧ್ಯಾಹ್ನ ಎರಡೂವರೆಗೆ ಹೊರಗೆ ನೆರಳಿನಲ್ಲಿ 34 ಡಿಗ್ರಿ. ತಗಡಿನೊಳಗೆ 43. ನಮ್ಮ ಗೂಡಿನೊಳಗೆ 35. ಶಂಖದ ಹುಡುಗ ಮೂರು ಸಲ ಥರ್ಮಾಮೀಟರ್ ಅದಲು ಬದಲು ಮಾಡಿ ನೋಡಿದ. ಆಮೇಲೆ ಅವನೇ ಹೋಗಿ ಸೋಗೆ ಕತ್ತರಿಸಿದ.

ಖರ್ಚು ಒಟ್ಟು 1340 ರೂಪಾಯಿ. ಅದರಲ್ಲಿ 600 ಪಾಂಡವಪುರದಿಂದ ಸೋಗೆ ತಂದ ಗೂಡ್ಸ್ ಆಟೋಗೆ. ಕಬ್ಬಿನಜಲ್ಲೆ ಅಣ್ಣ ಸೋಗೆ ಜೊತೆಗೆ ಒಂದು ಅಚ್ಚು ಬೆಲ್ಲವನ್ನೂ ಕಳಿಸಿದ್ದರು. ಅದು ಗೂಡಿಗೆ ಬಳಕೆಯಾಗಲಿಲ್ಲ.

ಬಹುಮಾನ ಬರಲಿಲ್ಲ. ಬೇಜಾರಿದೆ, ಸುಳ್ಳು ಹೇಳಲ್ಲ. ಮೊದಲ ಬಹುಮಾನ ನೀಲಿ ಡ್ರಮ್ಮಿನ ಗೂಡಿಗೆ ಹೋಯಿತು. ನಾವು ನಕ್ಕಿದ್ದೆವು ಅದನ್ನು ನೋಡಿ. ಮಾವಿನ ತಿರುಳು ತುಂಬಿ ಬರುವ 200 ಲೀಟರ್ ಡ್ರಮ್ಮು, ಅಡ್ಡ ಮಲಗಿಸಿ, ಉರುಳದ ಹಾಗೆ ಹಳೇ ಮಂಚದ ಕಾಲಿನ ಮೇಲೆ ಕೂರಿಸಿದ್ದರು. ಮೇಲೆ ಒಂದು ಅಡಿ ಬಿಟ್ಟು ಚಾಪೆಯ ನೆರಳು. ತೀರ್ಪುಗಾರರಲ್ಲಿ ಒಬ್ಬರು ಪ್ರತಿ ಗೂಡಿಗೂ ಒಂದೇ ಪ್ರಶ್ನೆ ಕೇಳಿದರು, ಇದನ್ನು ತೊಳೆದು ತೋರಿಸಿ ಅಂತ. ಡ್ರಮ್ಮಿನವರು ಮುಚ್ಚಳ ತಿರುಗಿಸಿ ತೆಗೆದು, ಎರಡು ಚೊಂಬು ನೀರು ಸುರಿದರು. ಕೆಳಗಿನ ತೂತಿನಿಂದ ಎಲ್ಲ ಹೋಯಿತು. ಒಂದೂವರೆ ನಿಮಿಷ. ನಾವು ಚಂದ್ರಿಕೆಯನ್ನು ಇಪ್ಪತ್ತೆರಡು ಸ್ಕ್ರೂ ಹಾಕಿ ಬಿಗಿದಿದ್ದೆವು.

ಸೂಜಿಮದ್ದು (ಮಂಡ್ಯ)

ಎರಡು ಸಲ ಹೇಳಿದ್ದೆ.

ಮೂರನೇಬೆಂಚು (ಮೈಸೂರು)

ಹೌದು ಮೇಡಂ. ಎರಡನೇ ಸಲ ಹೇಳಿದ್ದನ್ನು ನಾನು ಓದುವ ಹೊತ್ತಿಗೆ ಸ್ಕ್ರೂ ಹಾಕಿ ಆಗಿತ್ತು.

ತೊಲೆಬಾಗಿಲು (ಮಂಡಿ ಮೊಹಲ್ಲಾ)

ಸ್ಕ್ರೂ ಹಾಕಿದ್ದು ಒಳ್ಳೆಯದೇ ಆಯಿತು, ಮೊಳೆ ಆಗಿದ್ದರೆ ಕೀಳಲು ಆಗುತ್ತಿರಲಿಲ್ಲ. ಹಿಂದಿನ ಅಂಚಿಗೆ ಎರಡು ಹಳೇ ಬಾಗಿಲ ಕೀಲು ಹಾಕಿ. ಮುಂದೆ ಒಂದು ಚಿಲಕ. ಪೆಟ್ಟಿಗೆ ಮುಚ್ಚಳದ ಹಾಗೆ ಎತ್ತಬಹುದು. ಕೀಲು ನನ್ನ ಹತ್ತಿರ ಡಬ್ಬದ ತುಂಬ ಇದೆ, ಮಂಡಿ ಮೊಹಲ್ಲಾ ಕಡೆ ಬಂದಾಗ ತೆಗೆದುಕೊಂಡು ಹೋಗು.

ನೆರಳುಬೆಳಕು (ಗೋಕುಲಂ)

ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಆ ತಂಡ ಹೇಗೆ ಖಾತ್ರಿ ಮಾಡಿಕೊಂಡಿತು? ಆಸಿಡ್ ಡ್ರಮ್ಮೂ ನೋಡಲು ಹಾಗೇ ಇರುತ್ತೆ.

ಮೂರನೇಬೆಂಚು (ಮೈಸೂರು)

ಚೀಟಿ ಅಂಟಿಕೊಂಡೇ ಇತ್ತು ಸರ್. ಒಳಗೆ ಮೂಸಿದರೆ ಇನ್ನೂ ಮಾವಿನ ಹಣ್ಣೇ.

ಕುವೆಂಪುನಗರದವ

ಆ ಡ್ರಮ್ಮು ಯಾರ ಮನೆಗೆ ಹೋಗುತ್ತೆ? ಸುಮ್ನೆ ಕೇಳಿದೆ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಒಂದು ಮರಿ ಸಾಕಿದ್ದಾನೆ. ಲಸಿಕೆ ನಾನೇ ಹಾಕಿಸಿದೆ. ಪ್ರೀತಿಯಿಂದ ಅಂತ ತಿಳಿಯಬೇಡಿ, ನನ್ನ ಕಾಲಿನ ಕ್ಷೇಮಕ್ಕೆ.

ಬೆಕ್ಕಿನಗಂಟೆ (ಸರಸ್ವತಿಪುರಂ)

ತಿಳಿಯಲ್ಲ, ತಿಳಿಯಲ್ಲ.

ಮೂರನೇಬೆಂಚು (ಮೈಸೂರು)

ಡ್ರಮ್ಮಿನ ತಂಡದವರನ್ನು ಕೇಳಿ ಹೇಳುತ್ತೇನೆ ಸರ್.

ನಮ್ಮದಕ್ಕೆ ಮನೆ ಸಿಕ್ಕಿಲ್ಲ. ಮೈಸೂರಿನಲ್ಲಿ ಕೇಳಿದವರೆಲ್ಲ ಚೆನ್ನಾಗಿದೆ ಅಂತಾರೆ, ಸೋಗೆ ಉದುರಿ ಕಸ ಆಗುತ್ತೆ ಅಂತಲೂ ಅಂತಾರೆ. ಹಿಪ್ಪುನೇರಳೆ ಅಣ್ಣ, ನಿಮ್ಮ ತೋಟದ ಪಂಪ್‌ಸೆಟ್ ಮನೆ ಹತ್ತಿರ ಒಂದು ನಾಯಿ ಇದೆ ಅಂತ ಚಂದ್ರಿಕೆ ತರಲು ಬಂದಾಗ ನೋಡಿದ್ದೆ. ಅದಕ್ಕೆ ಆಗಬಹುದಾ? ಕೀಲು ಹಾಕಿಸಿಯೇ ತರುತ್ತೇವೆ. ಸೋಮವಾರ ನಮಗೆ ರಜೆ.

ಹಿಪ್ಪುನೇರಳೆ (ಮದ್ದೂರು)

ಧಾರಾಳವಾಗಿ ತನ್ನಿ. ಅಪ್ಪನಿಗೆ ಹೇಳಿದೆ, ಚಂದ್ರಿಕೆ ವಾಪಸ್ ಬರುತ್ತಿದೆ ಅಂತ. ನಕ್ಕರು. ಆದರೆ ಸೋಮವಾರ ಬೇಡ ತಂಗಿ, ಆವತ್ತು ನಮ್ಮಲ್ಲಿ ಹುಳ ಹಣ್ಣಾಗುತ್ತೆ, ಮನೆಯಲ್ಲಿ ಒಬ್ಬರಿಗೂ ಕೈ ಬಿಡುವಿರಲ್ಲ. ಬುಧವಾರ ಬನ್ನಿ, ಊಟಕ್ಕೇ ಬನ್ನಿ. ನಾಯಿಗೆ ಲಸಿಕೆ ಆಗಿಲ್ಲ. ಸೂಜಿಮದ್ದು ಮೇಡಂ, ಮದ್ದೂರು ಕಡೆ ಯಾವತ್ತು ಬರ್ತೀರಿ?

ಸೂಜಿಮದ್ದು (ಮಂಡ್ಯ)

ಬುಧವಾರವೇ ಬರುತ್ತೇನೆ. ನಾಯಿಯನ್ನು ಕಟ್ಟಿ ಹಾಕಿರಿ.